ಕಿವಿರು ಎತ್ತಿ ನೋಡಿ

ರಾತ್ರಿ ಚಾರ್ಜಿಗಿಟ್ಟದ್ದು ನನ್ನ ಫೋನು,
ಬೆಳಗಿನ ಜಾವ ಕೈಗೆ ಬಂದದ್ದು ಯಾರದ್ದೋ.
ಮೂಲೆಯೆಲ್ಲ ಉರುಟು, ಮೈಯೆಲ್ಲ ಗಾಜು,
ಅಕ್ಷರದ ಅಡಿಯಲ್ಲಿ ಹಿಂದಿನ ಚಿತ್ರ ಅಲುಗುತ್ತದೆ,
ಗಡಿಯಾರ ದಪ್ಪಗಾಗಿ ನಡುವಿಗೆ ಬಂದಿದೆ
ಬಸ್ಸಿನಲ್ಲಿ ಎರಡು ಸೀಟು ಹಿಡಿದು ಕೂತ ಹಾಗೆ.

ಬೈತಖೋಲಿನಲ್ಲಿ ಹರಾಜು ಶುರುವಾಗಿತ್ತು.
ವಿಠೋಬ ತಾಂಡೇಲ ಫೋನು ಮಾಡಿದ.
ಎತ್ತುವ ಹಸಿರು ಗುಂಡಿ ಇದ್ದಲ್ಲಿ ಇಲ್ಲ.
ಒತ್ತಿದೆ, ತಳ್ಳಿದೆ, ಎಳೆದೆ.
ಅಷ್ಟರೊಳಗೆ ಹದಿನೆಂಟು ಬುಟ್ಟಿ ಬಂಗಡೆ
ಅಂಕೋಲೆಯವರ ಟೆಂಪೋ ಹತ್ತಿತು.
ಮೊದಲ ತೀರ್ಪನ್ನು ಅಲ್ಲೇ ಕೊಟ್ಟೆ, ಕೊಂಕಣಿಯಲ್ಲಿ.
ಅದನ್ನು ಇಲ್ಲಿ ಬರೆಯುವಂತಿಲ್ಲ.

ಕೋಡಿಬಾಗ ರಸ್ತೆಯ ಅಂಗಡಿಯಲ್ಲಿ ಆಲ್ವಿನ್ನನಿಗೆ ಹೇಳಿದೆ:
ಹಳೆಯದನ್ನೇ ಹಾಕಿಕೊಡು ಮಾರಾಯಾ.
ಹಿಂದೆ ಹೋಗಲಿಕ್ಕೆ ಬರೂದಿಲ್ಲ ಅಕ್ಕ,
ಹೋದರೆ ಒಳಗಿದ್ದದ್ದೆಲ್ಲ ಅಳಿಸಿ ಹೋಗ್ತದೆ,
ಅಂದ, ತಲೆ ಎತ್ತದೆ,
ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು.

ಸರಿ.
ನನಗೆ ಗೊತ್ತಿರುವುದು ಒಂದೇ ಪರೀಕ್ಷೆ.
ಹೊಳಪು ನೋಡಬಾರದು.
ಐಸಿನ ಮೇಲೆ ಮಲಗಿಸಿದರೆ
ಮೂರು ದಿನದ ಇಸ್ವಾಣವೂ ಹೊಳೆಯುತ್ತದೆ.
ಕಿವಿರು ಎತ್ತಬೇಕು. ಹೊಟ್ಟೆ ಒತ್ತಬೇಕು,
ಬೆರಳು ತೆಗೆದ ಮೇಲೆ ಗುಳಿ ತುಂಬುತ್ತದಾ ನೋಡಬೇಕು.

ವಾರ ಪೂರ್ತಿ ಒತ್ತಿ ನೋಡಿದೆ.
ಹಳೆಯದರ ಬ್ಯಾಟರಿ ಊಟದ ಹೊತ್ತಿಗೆ ಸಾಯುತ್ತಿತ್ತು,
ಇದು ಬುಟ್ಟಿ ತೊಳೆಯುವವರೆಗೂ ಉಸಿರು ಹಿಡಿದಿರುತ್ತದೆ.
ಮೊದಲು ಒತ್ತಕ್ಷರಗಳು
ಕೆಳಗಿನ ಸಾಲಿಗೆ ಕಾಲು ಚಾಚುತ್ತಿದ್ದವು,
ಈಗ ಮಡಚಿಕೊಂಡು ಮರ್ಯಾದೆಯಿಂದ ಕೂತಿವೆ.
ಒಪ್ಪಿದೆ.
ಆದರೆ ಬಿಸಿಲಿಗೆ ಹಿಡಿದರೆ ಗಾಜಿನೊಳಗೆ ಗಾಜು,
ನನ್ನ ಮುಖ ಬಿಟ್ಟು ಮತ್ತೇನೂ ಕಾಣುವುದಿಲ್ಲ.
ಇದನ್ನು ಮಾಡಿದವರು
ಮಟಮಟ ಮಧ್ಯಾಹ್ನ ಮಾರ್ಕೆಟ್ಟಿನ ಹೊರಗೆ ಕೂತವರಲ್ಲ.
ಹುರುಪೆ ಅಂಟಿದ ನನ್ನ ಹೆಬ್ಬೆರಳನ್ನು
ಹಳೆಯದು ಗುರುತು ಹಿಡಿಯುತ್ತಿತ್ತು.
ಇದು ‘ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ,
ಮೂರು ಸಲ.
ಗಿರಾಕಿ ಚೀಲ ಮಡಚಿಕೊಂಡು ನಿಂತಿರುತ್ತಾನೆ.

ಪಕ್ಕದ ಬುಟ್ಟಿಯ ರುಕ್ಮಾಬಾಯಿ ಅಂದಳು,
ಯಾವತ್ತಿದ್ದರೂ ಹಳೆಯದೇ ಗಟ್ಟಿ.
ನಾನು ಕಾಳಿ ನದಿಯ ಕಡೆ ಕೈ ತೋರಿಸಿದೆ.
ಹಳೆ ಸೇತುವೆ ಒಂದು ರಾತ್ರಿ
ಲಾರಿ ಸಮೇತ ನೀರಿಗೆ ಕೂತಿತಲ್ಲ,
ಅದರ ಮೇಲೆ ನಾವಿಬ್ಬರೂ ಎಷ್ಟು ಸಲ
ಸದಾಶಿವಗಡಕ್ಕೆ ಹೋಗಿ ಬಂದಿದ್ದೆವು,
ಗಟ್ಟಿ ಅಂತಲೇ.
ಅವಳು ಸೆಟ್ಲೆಯ ರಾಶಿಗೆ ನೀರು ಚಿಮುಕಿಸಿದಳು, ಮಾತಾಡಲಿಲ್ಲ.
ಹಾಗೆ ನೋಡಿದರೆ ಹೊಸ ಸೇತುವೆಯ ಮೇಲೂ
ಟೆಂಪೋ ನಡುವಿಗೆ ಬಂದಾಗ
ನಾವಿಬ್ಬರೂ ಸುಮ್ಮನಾಗುತ್ತೇವೆ.

ಹಳೆಯದಕ್ಕೆ ಒಂದು ರೋಗವಿತ್ತು.
ಬಂದು ಮಾಡಿಟ್ಟ ಅಲಾರಾಮು
ಎರಡು ನಲವತ್ತಕ್ಕೆ ತಾನಾಗಿ ಕೂಗುತ್ತಿತ್ತು,
ಬೋಟುಗಳೆಲ್ಲ ದಡದಲ್ಲಿ ಕಟ್ಟಿಕೊಂಡಿರುವ ಜೂನಿನಲ್ಲೂ.
ಬೈದಿದ್ದೇನೆ, ದಿಂಬಿನ ಅಡಿಗೆ ತುರುಕಿದ್ದೇನೆ,
ಒಮ್ಮೆ ಅಕ್ಕಿ ಡಬ್ಬದೊಳಗೆ ಇಟ್ಟು ಮಲಗಿದ್ದೇನೆ.
ಹೊಸದರಲ್ಲಿ ಆ ರೋಗ ಇಲ್ಲ.
ನಿನ್ನೆ ಕತ್ತಲಲ್ಲಿ ಕಣ್ಣು ಬಿಟ್ಟೆ.
ಎರಡು ನಲವತ್ತು.
ಫೋನು ಮಲಗಿತ್ತು, ಏನೂ ನೆನಪಿಲ್ಲದವರ ಹಾಗೆ.
ಅಲಿಗದ್ದೆಯ ನಾಯಿಗಳೂ ಮಲಗಿದ್ದವು.
ಎದ್ದು ಚಾ ಕಾಸಿದೆ, ಮತ್ತೆಂತ ಮಾಡೂದು.

ಮೊದಲ ಗುಟುಕಿಗೆ ಪರದೆ ತಾನಾಗಿ ಬೆಳಗಿತು:
‘ಹೊಸ ಅನುಭವ ಹೇಗಿದೆ?’
ಕೆಳಗೆ ಐದು ಖಾಲಿ ನಕ್ಷತ್ರ.
ಒದ್ದೆ ಬೆರಳನ್ನು ಸೀರೆಗೆ ಒರೆಸಿಕೊಂಡು
ಮೂರು ಒತ್ತಿದೆ.
ಚೌಕಾಸಿಗೆ ಜಾಗ ಇರಲಿ.